ಪೈರಿಗೆ ತನ್ನದೇ ಕಾವಲಿದೆ

"ಎಣ್ಣಿ ಹೊಡೀಲಿಲ್ಲಂದ್ರ ಬೆಳಿ ಕೈಗೆ ಬರಂಗಿಲ್ಲ." ಬಳ್ಳಾರಿ ಸೀಮೆಯಲ್ಲಿ ಈ ಮಾತು ಕೇಳದ ಊರಿಲ್ಲ. ಹಲಕುಂದಿಯ ಒಣಬೇಸಾಯದ ಹೊಲದಲ್ಲೂ ಇದೇ ಮಾತು, ಕುರುಗೋಡಿನ ಮೆಣಸಿನಕಾಯಿ ಹೊಲದಲ್ಲೂ ಇದೇ ಮಾತು, ಸಿರುಗುಪ್ಪದ ಕಾಲುವೆ ನೀರಿನ ಗದ್ದೆಯಲ್ಲೂ ಇದೇ ಮಾತು. ಕೀಟನಾಶಕಕ್ಕೆ ನಮ್ಮ ಕಡೆ ಎಣ್ಣೆ ಎಂದೇ ಹೆಸರು. ಬಿತ್ತನೆ, ಕಳೆ, ನೀರು, ಗೊಬ್ಬರದ ಜೊತೆಗೆ ಅದೂ ಬೇಸಾಯದ ಒಂದು ಕಡ್ಡಾಯದ ಕೆಲಸವಾಗಿ ಸೇರಿಹೋಗಿದೆ. ಹುಳು ಕಂಡರೆ ಹೊಡೆಯುತ್ತಾರೆ, ಕಾಣದಿದ್ದರೆ ಬರದಿರಲಿ ಎಂದು ಹೊಡೆಯುತ್ತಾರೆ, ಪಕ್ಕದ ಹೊಲದವರು ಹೊಡೆದರೆ ಅವರ ಹುಳು ನಮ್ಮಲ್ಲಿಗೆ ಬಂದೀತೆಂದು ಹೊಡೆಯುತ್ತಾರೆ. ಯಾವುದನ್ನು, ಪಂಪಿಗೆ ಎಷ್ಟು ಎಂಬುದನ್ನು ಉದ್ರಿ ಕೊಡುವ ಅಂಗಡಿಯವರೇ ಹೇಳುತ್ತಾರೆ.

ಈ ನಂಬಿಕೆ ತಪ್ಪು. ರೈತರು ತಿಳಿಯದವರು ಎಂದು ಹೀಗೆ ಹೇಳುತ್ತಿಲ್ಲ. ಸಾಲ ಮಾಡಿ ಬಿತ್ತಿದವರಿಗೆ ಕೈಕಟ್ಟಿ ಕೂರುವ ಧೈರ್ಯ ಸುಲಭಕ್ಕೆ ಬರುವುದಿಲ್ಲ. ಎಣ್ಣೆ ಯಾವ ಕಾಲಕ್ಕೂ ಬೇಡ ಎಂಬ ವಾದವೂ ನನ್ನದಲ್ಲ. ನನ್ನ ತಕರಾರು ಇರುವುದು ಆ ಮಾತಿನ ಬೆನ್ನಿಗಿರುವ ನಾಲ್ಕು ಊಹೆಗಳ ಬಗ್ಗೆ. ಒಂದು, ಪೈರು ತನ್ನನ್ನು ತಾನು ಕಾಯಲಾರದು. ಎರಡು, ಎಲೆಯಲ್ಲಿ ತೂತು ಬಿತ್ತೆಂದರೆ ಇಳುವರಿ ಹೋಯಿತು. ಮೂರು, ಎಣ್ಣೆ ಸಾಯಿಸುವುದು ಶತ್ರುವನ್ನು ಮಾತ್ರ. ನಾಲ್ಕು, ತಡೆದುಕೊಳ್ಳುವ ಶಕ್ತಿ ಇದ್ದದ್ದು ಹಳೆಯ ತಳಿಗಳಿಗೆ, ಹೆಚ್ಚು ಇಳುವರಿ ಬೇಕೆಂದರೆ ಅದನ್ನು ಮರೆಯಬೇಕು. ಈ ನಾಲ್ಕರಲ್ಲಿ ಒಂದೂ ಪರೀಕ್ಷೆಗೆ ನಿಲ್ಲುವುದಿಲ್ಲ.

ಮೊದಲನೆಯದನ್ನು ಹತ್ತಿಯಿಂದಲೇ ನೋಡೋಣ. ಹತ್ತಿಯ ಒಂದು ಎಲೆ ಕಿತ್ತು ಬಿಸಿಲಿಗೆ ಅಡ್ಡ ಹಿಡಿಯಿರಿ. ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆಗಳು ಎಲೆಯ ತುಂಬ ಹರಡಿರುವುದು ಕಾಣುತ್ತದೆ. ಎಳೆ ಕಾಯಿಯ ಸಿಪ್ಪೆಯ ಮೇಲೂ ಅವೇ ಚುಕ್ಕೆಗಳಿರುತ್ತವೆ. ಅವು ರೋಗದ ಗುರುತಲ್ಲ. ಒಂದೊಂದು ಚುಕ್ಕೆಯೂ ಒಂದು ಗ್ರಂಥಿ. ಅದರೊಳಗೆ ಗಾಸಿಪಾಲ್ ಮತ್ತು ಅದರ ಬಳಗದ ವಿಷವಸ್ತುಗಳಿವೆ. ಹುಳು ಎಲೆ ಕಡಿದಾಗ ಗ್ರಂಥಿ ಒಡೆದು ಆ ವಿಷ ಅದರ ಹೊಟ್ಟೆ ಸೇರುತ್ತದೆ. ಅದರ ಬೆಳವಣಿಗೆ ಕುಂಠಿತವಾಗುತ್ತದೆ, ಕೆಲವು ಹುಳುಗಳು ಸಾಯುತ್ತವೆ, ಅನೇಕ ಜಾತಿಯ ಕೀಟಗಳು ಹತ್ತಿಯ ಕಡೆ ತಲೆ ಹಾಕುವುದೇ ಇಲ್ಲ. ಕೋಳಿಗೂ ಎಳೆಗರುವಿಗೂ ಹತ್ತಿಕಾಳನ್ನು ಮಿತಿ ಮೀರಿ ಹಾಕಬಾರದು ಎನ್ನುವುದೂ ಇದೇ ಗಾಸಿಪಾಲ್ ಕಾರಣಕ್ಕೆ.

ಈ ಚುಕ್ಕೆಗಳಿಂದ ಆಗುವ ಉಪಕಾರ ಎಷ್ಟೆಂಬುದು ಅಮೆರಿಕದಲ್ಲಿ ಚೆನ್ನಾಗಿ ಗೊತ್ತಾಯಿತು. 1950ರ ದಶಕದ ಕೊನೆಯಲ್ಲಿ ಅಲ್ಲಿನ ತಳಿವಿಜ್ಞಾನಿಗಳು ಗ್ರಂಥಿಗಳೇ ಇಲ್ಲದ ಹತ್ತಿಯನ್ನು ರೂಪಿಸಿದರು. ವಿಷವಿಲ್ಲದ ಕಾಳು ಮನುಷ್ಯರ ಆಹಾರಕ್ಕೂ ಆದೀತು ಎಂಬ ಒಳ್ಳೆಯ ಉದ್ದೇಶ ಅವರದ್ದು. 1960ರ ದಶಕದಲ್ಲಿ ಅದನ್ನು ಹೊಲದಲ್ಲಿ ಬೆಳೆದು ನೋಡಿದಾಗ, ಮಾಮೂಲಿ ಹತ್ತಿಯನ್ನು ಮುಟ್ಟದ ಕೀಟಗಳೂ ಬಂದು ಅದರ ಎಲೆಯನ್ನು ಮೇಯ್ದವು. ಅಲ್ಲಿಯವರೆಗೆ ಹತ್ತಿ ಎಷ್ಟು ಕೀಟಗಳನ್ನು ಸದ್ದಿಲ್ಲದೆ ದೂರ ಇಟ್ಟಿತ್ತೆಂದು ಯಾರಿಗೂ ಅಂದಾಜಿರಲಿಲ್ಲ. ನಮ್ಮ ಹೊಲದಲ್ಲಿ ನಮಗೆ ಕಾಣುವುದು ಹತ್ತಿಯ ಕಾವಲನ್ನು ದಾಟಿ ಬಂದ ಬೆರಳೆಣಿಕೆಯ ಕೀಟಗಳು. ದಾಟಲಾರದೆ ಹಿಂದಿರುಗಿದವು ನಮ್ಮ ಲೆಕ್ಕಕ್ಕೆ ಸಿಗುವುದಿಲ್ಲ. ಪೈರು ಅಸಹಾಯಕ ಎಂಬ ಊಹೆ ಹುಟ್ಟುವುದೇ ಈ ಲೆಕ್ಕದೋಷದಿಂದ.

ಅದೇ ಎಲೆಯನ್ನು ಮಗುಚಿ ನಡುನರವನ್ನು ನೋಡಿ. ತೊಟ್ಟಿನಿಂದ ತುಸು ಮೇಲೆ ಒಂದು ಪುಟ್ಟ ಗುಳಿ ಇರುತ್ತದೆ. ಅದರಲ್ಲಿ ಸಿಹಿರಸ ಜಿನುಗುತ್ತದೆ. ಹೂವಿಗೂ ಪರಾಗಕ್ಕೂ ಈ ರಸಕ್ಕೂ ಸಂಬಂಧವಿಲ್ಲ. ಇದನ್ನು ಕುಡಿಯಲು ಇರುವೆಗಳೂ ಸಣ್ಣ ಕಣಜಗಳೂ ಬರುತ್ತವೆ. ಬಂದ ಇರುವೆಗಳು ಎಲೆಯ ಮೇಲೆ ಓಡಾಡುತ್ತ ಹುಳುವಿನ ಮೊಟ್ಟೆಯನ್ನೂ ಮರಿಹುಳುವನ್ನೂ ಹೊತ್ತೊಯ್ಯುತ್ತವೆ, ಕಣಜಗಳು ಹುಳುವಿನ ಮೈಯೊಳಗೆ ತಮ್ಮ ಮೊಟ್ಟೆ ಇಡುತ್ತವೆ. ಹತ್ತಿ ಗಿಡ ತನ್ನ ರಕ್ಷಕರನ್ನು ಊಟ ಹಾಕಿ ಕರೆಸಿಕೊಳ್ಳುತ್ತದೆ.

ಜೋಳದ ಶಕ್ತಿಯಂತೂ ದನ ಕಾಯುವ ಹುಡುಗರಿಗೂ ಗೊತ್ತು. ಮಳೆ ಕೈಕೊಟ್ಟು ಮೊಣಕಾಲೆತ್ತರದಲ್ಲೇ ಬಾಡಿ ನಿಂತ ಎಳೆ ಜೋಳಕ್ಕೆ ದನ ಬಿಡಬಾರದು. ಬಿಟ್ಟರೆ ಏದುಸಿರು ಬಿಟ್ಟು, ಕಾಲು ನಡುಗಿ, ನೋಡನೋಡುತ್ತಲೇ ಬಿದ್ದು ಸಾಯುತ್ತವೆ. ಎಳೆ ಜೋಳದಲ್ಲಿ ಧುರ್ರಿನ್ ಎಂಬ ವಸ್ತು ಇದೆ. ಅದನ್ನು ಒಡೆಯುವ ಕಿಣ್ವವನ್ನು ಗಿಡ ಬೇರೆ ಕಡೆ ಇಟ್ಟಿರುತ್ತದೆ. ಎಲೆ ಅಗಿದಾಗ ಎರಡೂ ಬೆರೆತು ಸಯನೈಡ್ ಬಿಡುಗಡೆಯಾಗುತ್ತದೆ. ಗಿಡ ಬಲಿತಂತೆ ಇದರ ಪ್ರಮಾಣ ಇಳಿಯುತ್ತದೆ. ಎಳೆತನದಲ್ಲಿ, ಅಂದರೆ ಕಾವಲು ಹೆಚ್ಚು ಬೇಕಾದ ಕಾಲದಲ್ಲಿ ಹೆಚ್ಚಿರುತ್ತದೆ. ಒಂದು ಎತ್ತನ್ನು ಕೆಡವಬಲ್ಲ ಪೈರನ್ನು ಅಸಹಾಯಕ ಎನ್ನುವುದು ಹೇಗೆ?

ಭತ್ತದ ಕ್ರಮ ಬೇರೆ. ಗದ್ದೆಯಲ್ಲಿ ಕಳೆ ಕಿತ್ತವರ ಮುಂಗೈ ಮೇಲಿನ ಗೀರುಗಳನ್ನು ನೋಡಿದರೆ ಅದು ತಿಳಿಯುತ್ತದೆ. ಭತ್ತ ಮಣ್ಣಿನಿಂದ ಸಿಲಿಕಾವನ್ನು ಹೀರಿ ಎಲೆಯ ಹೊರಪದರದಲ್ಲಿ ತುಂಬಿಕೊಳ್ಳುತ್ತದೆ. ಗಾಜಿಗೂ ಮರಳಿಗೂ ಮೂಲವಾದ ವಸ್ತು ಅದು. ಸಿಲಿಕಾ ತುಂಬಿದ ಎಲೆ, ಕಾಂಡವನ್ನು ಕೊರೆಯಹೋದ ಹುಳುವಿನ ದವಡೆ ಸವೆಯುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಮೆಕ್ಕೆಜೋಳದ ಎಳೆ ಎಲೆಯಲ್ಲೂ ಹುಳುವಿಗೆ ಒಗ್ಗದ ಅದರದೇ ರಾಸಾಯನಿಕಗಳಿವೆ.

ಇವೆಲ್ಲ ಹುಳು ಬರುವ ಮೊದಲೇ ಸಿದ್ಧವಿರುವ ಕಾವಲು. ಹುಳು ಬಾಯಿ ಹಾಕಿದ ಮೇಲೆ ಏಳುವ ಕಾವಲು ಇನ್ನೊಂದಿದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಕ್ಲಾರೆನ್ಸ್ ರಯಾನ್ ಎಂಬ ವಿಜ್ಞಾನಿ ತಮ್ಮ ಸಹೋದ್ಯೋಗಿಯೊಂದಿಗೆ 1972ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಟೊಮೆಟೊ, ಆಲೂಗಡ್ಡೆ ಗಿಡದ ಒಂದು ಎಲೆಯನ್ನು ದುಂಬಿ ಕಡಿದರೆ, ಕಡಿಸಿಕೊಳ್ಳದ ಉಳಿದ ಎಲೆಗಳಲ್ಲೂ ಹುಳುವಿನ ಜೀರ್ಣಶಕ್ತಿಯನ್ನು ತಡೆಯುವ ಪ್ರೋಟೀನುಗಳು ಶೇಖರವಾಗುತ್ತವೆ. ಅದನ್ನು ತಿಂದ ಹುಳುವಿಗೆ ಹೊಟ್ಟೆ ತುಂಬಿದರೂ ಆಹಾರ ಅರಗುವುದಿಲ್ಲ. ಗಾಯದ ಸುದ್ದಿಯನ್ನು ಗಿಡದೊಳಗೆಲ್ಲ ಹರಡುವ ಕೆಲಸ ಜಾಸ್ಮೋನಿಕ್ ಆಮ್ಲದ್ದು ಎಂದು ಮುಂದಿನ ಸಂಶೋಧನೆಗಳು ತೋರಿಸಿದವು. 1990ರಲ್ಲಿ ಟರ್ಲಿಂಗ್ಸ್, ಟಂಲಿನ್ಸನ್ ಮತ್ತು ಲೂಯಿಸ್ ಎಂಬ ಮೂವರು ಮೆಕ್ಕೆಜೋಳದ ಮೇಲೆ ಇನ್ನೊಂದನ್ನು ತೋರಿಸಿದರು. ಎಲೆ ತಿನ್ನುವ ಹುಳುವಿನ ಜೊಲ್ಲು ಗಾಯಕ್ಕೆ ತಾಗಿದರೆ ಗಿಡ ಒಂದು ಬಗೆಯ ವಾಸನೆ ಹೊರಸೂಸುತ್ತದೆ, ಆ ವಾಸನೆಯ ಜಾಡು ಹಿಡಿದು ಹುಳುವಿನ ಮೈಯಲ್ಲಿ ಮೊಟ್ಟೆ ಇಡುವ ಕಣಜ ಬರುತ್ತದೆ. ಬರಿಯ ಬ್ಲೇಡಿನ ಗಾಯಕ್ಕೆ ಗಿಡದ ಉತ್ತರ ಇಷ್ಟು ಬಲವಾಗಿರುವುದಿಲ್ಲ. ಅದೇ ಗಾಯಕ್ಕೆ ಜೊಲ್ಲು ಸವರಿದರೆ ಬಲವಾಗುತ್ತದೆ. ತನ್ನನ್ನು ಕಡಿದದ್ದು ಹುಳು ಎಂದು ಪೈರು ಗುರುತಿಸುತ್ತದೆ. ಹುಳು ಕಂಡ ದಿನವೇ ಪಂಪು ಹೆಗಲಿಗೇರಿಸುವವರು ಈ ಉತ್ತರಕ್ಕೆ ಸಮಯವನ್ನೇ ಕೊಡುವುದಿಲ್ಲ. ಆ ಕರೆ ಕೇಳಿ ಬಂದ ಕಣಜವೂ ಅದೇ ಎಣ್ಣೆಯಲ್ಲಿ ಸಾಯುತ್ತದೆ.

ಎರಡನೆಯ ಊಹೆ, ತೂತು ಬಿದ್ದ ಎಲೆ ಎಂದರೆ ನಷ್ಟ ಎಂಬುದು. ಕಣ್ಣಿಗೆ ಕಾಣುವ ಸಂಗತಿಯಾದ್ದರಿಂದ ಇದು ಬಹಳ ಬೇಗ ಮನಸ್ಸಿಗೆ ಹತ್ತುತ್ತದೆ. ಸಿರುಗುಪ್ಪದ ಗದ್ದೆಯಲ್ಲಿ ನಾಟಿಯಾದ ಮೂರು ನಾಲ್ಕು ವಾರಕ್ಕೆ ಎಲೆ ಸುರುಳಿ ಹುಳು ಬರುತ್ತದೆ. ಎಲೆಯನ್ನು ಉದ್ದಕ್ಕೆ ಮಡಿಚಿ ಒಳಗೆ ಕೂತು ಹಸಿರನ್ನು ಕೆರೆದು ತಿನ್ನುತ್ತದೆ. ಬದುವಿನ ಮೇಲೆ ನಿಂತು ನೋಡಿದರೆ ಗದ್ದೆ ಬೆಳ್ಳಗೆ ಗೀರುಗೀರಾಗಿ ಕಾಣುತ್ತದೆ. ನೋಡಿದವರ ಎದೆ ಒಡೆಯುತ್ತದೆ, ಅವತ್ತೇ ಅಂಗಡಿಗೆ ಹೋಗುತ್ತಾರೆ.

ಆದರೆ ಆ ಹೊತ್ತಿನಲ್ಲಿ ಭತ್ತ ತೆಂಡೆ ಒಡೆಯುತ್ತಿರುತ್ತದೆ, ದಿನದಿನಕ್ಕೆ ಹೊಸ ಎಲೆ ಬಿಡುತ್ತಿರುತ್ತದೆ. ಈಗ ಇರುವ ಎಲೆಗಳಲ್ಲಿ ಬಹಳಷ್ಟು ತೆನೆ ಬರುವ ಹೊತ್ತಿಗೆ ತಾವಾಗಿ ಒಣಗುವಂಥವು. ಕಾಳು ತುಂಬಿಸುವುದು ಕೊನೆಗೆ ಬರುವ ಮೇಲಿನ ಎರಡು ಮೂರು ಎಲೆಗಳು. ಎಳೆತನದಲ್ಲಿ ಕಳೆದುಕೊಂಡದ್ದನ್ನು ಪೈರು ತುಂಬಿಕೊಳ್ಳುತ್ತದೆ. ಅದಕ್ಕೇ ಕೃಷಿ ವಿಜ್ಞಾನಿಗಳು ಎಲೆ ಸುರುಳಿ ಹುಳುವಿಗೆ ಒಂದು ಮಿತಿ ಹಾಕಿದ್ದಾರೆ: ಬೆಳೆಯುವ ಹಂತದಲ್ಲಿ ಶೇಕಡಾ 10ರಷ್ಟು, ಹೂವಿನ ಹಂತದಲ್ಲಿ ಶೇಕಡಾ 5ರಷ್ಟು ಎಲೆ ಹಾನಿಯಾಗುವವರೆಗೆ ಔಷಧದ ಮಾತಿಲ್ಲ. ಆರ್ಥಿಕ ನಷ್ಟದ ಮಟ್ಟ ಎಂಬ ಈ ವಿಚಾರವನ್ನು ಕ್ಯಾಲಿಫೋರ್ನಿಯಾದ ಕೀಟವಿಜ್ಞಾನಿಗಳು 1959ರಲ್ಲೇ ಮಂಡಿಸಿದ್ದರು. ಹುಳು ತಿನ್ನುವ ಬೆಳೆಯ ಬೆಲೆ ಎಣ್ಣೆಯ ಖರ್ಚಿಗಿಂತ ಕಡಿಮೆ ಇರುವವರೆಗೆ ಹೊಡೆಯುವುದೇ ನಷ್ಟ ಎಂಬುದು ಅದರ ತಿರುಳು. ಆರು ದಶಕ ಕಳೆದರೂ ಇದು ನಮ್ಮ ಪುಸ್ತಕಗಳಲ್ಲಿದೆ, ಗದ್ದೆಗೆ ಇಳಿದಿಲ್ಲ.

ಗದ್ದೆಗೆ ಇಳಿಸಿದ ನಾಡೊಂದರ ಅನುಭವ ಕೇಳಿ. ವಿಯೆಟ್ನಾಮಿನ ಮೆಕಾಂಗ್ ನದೀಮುಖಜ ಭೂಮಿಯೂ ನಮ್ಮ ತುಂಗಭದ್ರಾ ಅಚ್ಚುಕಟ್ಟಿನಂತೆ ಭತ್ತದ ಸೀಮೆ. ಅಲ್ಲಿಯೂ ಎಲೆ ತಿನ್ನುವ ಹುಳು ಕಂಡೊಡನೆ ಹೊಡೆಯುವ ಅಭ್ಯಾಸವಿತ್ತು. 1994ರಲ್ಲಿ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಲ್ಲಿನ ಲಾಂಗ್ ಆನ್ ಪ್ರಾಂತ್ಯದ ರೈತರ ಮುಂದೆ ಒಂದೇ ಮಾತು ಇಟ್ಟರು: ಬಿತ್ತಿದ ಮೊದಲ 40 ದಿನ ಎಲೆ ತಿನ್ನುವ ಹುಳುವಿಗೆ ಹೊಡೆಯಬೇಡಿ, ನಂಬಿಕೆ ಬರದಿದ್ದರೆ ನಿಮ್ಮ ಗದ್ದೆಯ ಒಂದು ಮೂಲೆಯಲ್ಲಿ ಮಾತ್ರ ಬಿಟ್ಟು ನೋಡಿ. ರೇಡಿಯೊ ನಾಟಕಗಳ ಮೂಲಕವೂ ಈ ಮಾತು ಮನೆಮನೆಗೆ ತಲುಪಿತು. ಹೊಡೆಯುವ ಸರದಿಗಳು ಸುಮಾರು ಅರ್ಧಕ್ಕೆ ಇಳಿದವು, ಇಳುವರಿ ಇಳಿಯಲಿಲ್ಲ. ಅಲ್ಲಿನ ಭತ್ತಕ್ಕೂ ಇಲ್ಲಿನ ಭತ್ತಕ್ಕೂ ಈ ವಿಷಯದಲ್ಲಿ ಭೇದವಿಲ್ಲ. ಆ ರೈತರಿಗೆ ತಮ್ಮ ಪೈರನ್ನು ಪರೀಕ್ಷಿಸಿ ನೋಡುವ ಅವಕಾಶ ಸಿಕ್ಕಿತು. ನಮ್ಮವರಿಗೆ ಅದನ್ನು ಯಾರೂ ಕೊಟ್ಟಿಲ್ಲ.

ಮೂರನೆಯ ಊಹೆಯೇ ಎಲ್ಲಕ್ಕಿಂತ ದುಬಾರಿ. ಎಣ್ಣೆ ಶತ್ರುವನ್ನು ಮಾತ್ರ ಕೊಲ್ಲುತ್ತದೆ ಎಂದು ನಂಬಿದ್ದರಿಂದ ಆದ ಅನಾಹುತ ನೋಡಬೇಕಾದರೆ ಭತ್ತದ ಕಂದು ಜಿಗಿಹುಳುವನ್ನು ನೋಡಬೇಕು. ಕಾಲುವೆ ಸೀಮೆಯ ರೈತರಿಗೆ ಇದರ ಪರಿಚಯ ಬೇಕಿಲ್ಲ; ಕಾಳು ಕಟ್ಟಿದ ಗದ್ದೆ ಗುಂಡಗುಂಡಗೆ ಸುಟ್ಟಂತೆ ಒಣಗಿ ಮಲಗುವುದನ್ನು ಅವರು ಕಣ್ಣಾರೆ ಕಂಡಿದ್ದಾರೆ. ಈ ಹುಳು ಎಲೆಯ ಮೇಲೆ ಕೂರುವುದಿಲ್ಲ, ಬುಡದಲ್ಲಿ ನೀರಿನ ಮಟ್ಟಕ್ಕೆ ಕೂತು ರಸ ಹೀರುತ್ತದೆ. ಮೊಟ್ಟೆಯನ್ನು ಎಲೆಯ ಒರೆಯೊಳಗೆ ಹುದುಗಿಸಿ ಇಡುತ್ತದೆ. ಮೇಲಿನಿಂದ ಹೊಡೆದ ಎಣ್ಣೆ ಬುಡಕ್ಕೆ ಸರಿಯಾಗಿ ಇಳಿಯುವುದಿಲ್ಲ, ಒರೆಯೊಳಗಿನ ಮೊಟ್ಟೆಗೆ ತಾಗುವುದಿಲ್ಲ. ತಾಗುವುದು ಯಾರಿಗೆ? ಗದ್ದೆಯ ತುಂಬ ಓಡಾಡಿ ಈ ಹುಳುವನ್ನು ಹಿಡಿದು ತಿನ್ನುವ ಜೇಡಕ್ಕೆ, ಇದರ ಮೊಟ್ಟೆಯನ್ನು ಹೀರುವ ಪುಟ್ಟ ಹಸಿರು ತಿಗಣೆಗೆ. ಎಲೆ ಸುರುಳಿ ಹುಳುವಿಗೆಂದು ಮೊದಲ ತಿಂಗಳಲ್ಲಿ ಹೊಡೆದ ಎಣ್ಣೆ ಇವೆರಡನ್ನೂ ಮುಗಿಸುತ್ತದೆ. ಆಮೇಲೆ ಒರೆಯೊಳಗಿನ ಮೊಟ್ಟೆಗಳು ಒಡೆದಾಗ ತಡೆಯುವವರಿರುವುದಿಲ್ಲ. ಕಂದು ಜಿಗಿಹುಳುವಿನ ಹಾವಳಿಗೆ ಬಹುಮಟ್ಟಿಗೆ ದಾರಿ ಮಾಡಿಕೊಟ್ಟವರು ನಾವೇ.

ಇಂಡೋನೇಷ್ಯ ಈ ಸತ್ಯವನ್ನು ಅನುಭವಿಸಿ ಕಲಿತಿತು. ಸರ್ಕಾರವೇ ಸಹಾಯಧನ ಕೊಟ್ಟು ಕೀಟನಾಶಕ ಹಂಚುತ್ತಿದ್ದ ಕಾಲದಲ್ಲಿ ಅಲ್ಲಿ ಕಂದು ಜಿಗಿಹುಳು ಮತ್ತೆ ಮತ್ತೆ ಉಕ್ಕಿ ಬಂತು. 1986ರಲ್ಲಿ ಅಧ್ಯಕ್ಷರ ಆದೇಶದ ಮೂಲಕ 57 ಕೀಟನಾಶಕಗಳನ್ನು ಭತ್ತಕ್ಕೆ ಬಳಸುವುದನ್ನು ನಿಷೇಧಿಸಿದರು. 1989ರ ಹೊತ್ತಿಗೆ ಸಹಾಯಧನವನ್ನೂ ನಿಲ್ಲಿಸಿದರು. ಎಣ್ಣೆ ಇಲ್ಲದೆ ಬೆಳೆ ಇಲ್ಲ ಎಂಬುದು ನಿಜವಾಗಿದ್ದರೆ ಆ ದೇಶ ಹಸಿವಿನಿಂದ ಸಾಯಬೇಕಿತ್ತು. ಅಲ್ಲಿನ ಅಕ್ಕಿಯ ಉತ್ಪಾದನೆ ಏರಿತು.

ನಮ್ಮ ನೆರೆಯಲ್ಲೇ ಇನ್ನೊಂದು ಪಾಠವಿದೆ. 1987ರ ಹೊತ್ತಿಗೆ ಆಂಧ್ರದ ಗುಂಟೂರು, ಪ್ರಕಾಶಂ ಜಿಲ್ಲೆಗಳ ಹತ್ತಿಯಲ್ಲಿ ಹಸಿರು ಕಾಯಿಕೊರಕ ಪೈರೆಥ್ರಾಯ್ಡ್ ಎಣ್ಣೆಗಳಿಗೆ ಬಗ್ಗದಾಯಿತು. ಬಂದಾಗ ಪವಾಡ ಎನಿಸಿದ್ದ ಎಣ್ಣೆಗಳವು. ಒಂದಕ್ಕೆ ಬಗ್ಗದಿದ್ದರೆ ಎರಡು ಬೆರೆಸಿದರು, ಎರಡಕ್ಕೆ ಬಗ್ಗದಿದ್ದರೆ ಮೂರು. 1997-98ರಲ್ಲಿ ವರಂಗಲ್ ಸೀಮೆಯ ಹತ್ತಿ ರೈತರು ಸಾಲಕ್ಕೆ ಸಿಕ್ಕಿ, ಹುಳುವಿಗೆ ತಂದ ಎಣ್ಣೆಯನ್ನೇ ಕುಡಿದು ಸತ್ತದ್ದನ್ನು ದೇಶವೇ ನೋಡಿತು.

ಆಮೇಲೆ ಬಂದದ್ದು ಬಿಟಿ ಹತ್ತಿ. ಪೈರಿನೊಳಗೇ ರಕ್ಷಣೆ ಇಟ್ಟಿದ್ದೇವೆ, ಇನ್ನೇನು ಬೇಕು ಎಂದು ಈಗಲೂ ಕೇಳುವವರಿದ್ದಾರೆ. ಬಿಟಿ ಹತ್ತಿ ಮೊದಲ ವರ್ಷಗಳಲ್ಲಿ ಕಾಯಿಕೊರಕದ ಎಣ್ಣೆ ಕಡಿಮೆ ಮಾಡಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪೈರಿನ ಸಹಜ ಕಾವಲಿಗೂ ಅದಕ್ಕೂ ದೊಡ್ಡ ವ್ಯತ್ಯಾಸವಿದೆ. ಸಹಜ ಕಾವಲಿನಲ್ಲಿ ಗಾಸಿಪಾಲ್ ಇದೆ, ರೋಮವಿದೆ, ಸಿಹಿರಸವಿದೆ, ವಾಸನೆಯ ಕರೆಯಿದೆ. ಹುಳು ಇವನ್ನೆಲ್ಲ ಒಟ್ಟಿಗೆ ಜಯಿಸಬೇಕು. ಬಿಟಿಯಲ್ಲಿ ಬ್ಯಾಕ್ಟೀರಿಯದಿಂದ ತಂದ ಒಂದೋ ಎರಡೋ ವಿಷಗಳು, ಹಗಲೂ ರಾತ್ರಿ, ಎಕರೆ ಎಕರೆಗೆ ಅವೇ. 2002ರಲ್ಲಿ ಅನುಮತಿ ಸಿಕ್ಕ ಮೊದಲ ಬಿಟಿಗೆ ಗುಲಾಬಿ ಕಾಯಿಕೊರಕ ಗುಜರಾತಿನಲ್ಲಿ ಬಗ್ಗುತ್ತಿಲ್ಲವೆಂದು 2010ರಲ್ಲಿ ಕಂಪನಿಯೇ ಒಪ್ಪಿಕೊಂಡಿತು. 2006ರಲ್ಲಿ ಬಂದ ಎರಡು ವಿಷದ ಬಿಟಿಯನ್ನೂ ಅದು ಮುಂದಿನ ಹತ್ತು ವರ್ಷದೊಳಗೆ ದಾಟಿತು. ಹೊಲದ ಸುತ್ತ ಬಿಟಿ ಅಲ್ಲದ ಹತ್ತಿಯನ್ನೂ ಬಿತ್ತಬೇಕೆಂಬ ನಿಯಮವಿತ್ತು. ಆ ಪೊಟ್ಟಣವನ್ನು ಬಹುಪಾಲು ಜನ ಬಿತ್ತಲೇ ಇಲ್ಲ, ಬಿತ್ತಿಸುವ ಶ್ರಮವನ್ನೂ ಯಾರೂ ವಹಿಸಲಿಲ್ಲ. ಒಂದೇ ವಿಷವನ್ನು ನೆಚ್ಚುವ ಅಭ್ಯಾಸ ಪಂಪಿನಿಂದ ಬೀಜಕ್ಕೆ ಸ್ಥಳಾಂತರವಾಯಿತು, ಅಷ್ಟೇ.

ಹೊಸ ಕೀಟಗಳು ಬರುತ್ತಿವೆ, ಅವಕ್ಕೆ ಪೈರಿನಲ್ಲಿ ಉತ್ತರವಿಲ್ಲ ಎಂಬ ಆಕ್ಷೇಪಕ್ಕೆ ಇಲ್ಲಿಯೇ ಉತ್ತರ ಹೇಳಬೇಕು. ಇದು ಗಂಭೀರ ಆಕ್ಷೇಪ. 2021-22ರಲ್ಲಿ ಬಳ್ಳಾರಿ, ಕುರುಗೋಡು, ಸಿರುಗುಪ್ಪದ ಮೆಣಸಿನಕಾಯಿಗೆ ಕಪ್ಪು ನುಸಿ ಬಂತು. 2015ರಲ್ಲಿ ಬೆಂಗಳೂರಿನ ಪಪ್ಪಾಯಿಯಲ್ಲಿ ಮೊದಲು ಗುರುತಿಸಲಾಗಿದ್ದ ಹೊರದೇಶದ ನುಸಿ ಅದು. ಹೂವಿನೊಳಗೆ ಸೇರಿಕೊಂಡು ಕಾಯಿ ಕಟ್ಟದಂತೆ ಮಾಡಿತು. ಎಕರೆಗೆ ಲಕ್ಷದ ಲೆಕ್ಕದಲ್ಲಿ ಖರ್ಚು ಮಾಡಿದ ಬೆಳೆಯನ್ನು ರೈತರು ಕಣ್ಣೀರು ಹಾಕುತ್ತ ಕಿತ್ತು ಹಾಕಿದರು. ಆದರೆ ಆ ವರ್ಷ ಎಣ್ಣೆ ಹೊಡೆಯದೆ ಬೆಳೆ ಹೋಯಿತೇ? ಮೇಲಿಂದ ಮೇಲೆ ಹೊಡೆದೂ ಹೋಯಿತು. ಅಂಗಡಿಯಲ್ಲಿದ್ದ ಎಣ್ಣೆಗಳನ್ನೆಲ್ಲ ಒಂದಾದ ಮೇಲೊಂದು ಹೊಡೆದವರ ಹೊಲವೂ ಉಳಿಯಲಿಲ್ಲ. ಆ ದುರಂತ ಎಣ್ಣೆಯ ಪರವಾದ ಸಾಕ್ಷಿಯಲ್ಲ.

ಲದ್ದಿ ಹುಳುವಿನ ಕಥೆ ಇನ್ನೂ ಸ್ಪಷ್ಟ. ಅಮೆರಿಕ ಮೂಲದ ಈ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರ ಮೇ ತಿಂಗಳಲ್ಲಿ, ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಹಾನಿ ಭಾರಿಯಾಗಿತ್ತು. ಆದರೆ ಅದೇ ವರ್ಷ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯ ವಿಜ್ಞಾನಿಗಳು ಕರ್ನಾಟಕದ ಹೊಲಗಳಲ್ಲೇ ಅದರ ಶತ್ರುಗಳನ್ನು ಗುರುತಿಸಿದರು: ಅದರ ಮೊಟ್ಟೆಯಲ್ಲಿ ಬೆಳೆಯುವ ಸಣ್ಣ ಕಣಜಗಳು, ಹುಳುವನ್ನು ಒಣಗಿಸಿ ಗಟ್ಟಿ ಮಾಡುವ ನೊಮುರಿಯಾ ಎಂಬ ಬೂಸ್ಟು. ಈ ಬೂಸ್ಟಿನ ಮೇಲೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮೊದಲಿನಿಂದಲೂ ಕೆಲಸ ಮಾಡಿದೆ. ಹೊರಗಿನಿಂದ ಬಂದ ಹುಳುವನ್ನೂ ನಮ್ಮ ಮಣ್ಣಿನ ಜೀವಿಗಳು ಹುಡುಕಿ ಹಿಡಿದವು. ಅವು ಬದುಕಿರುವ ಹೊಲ ಇದ್ದರೆ ಮಾತ್ರ ಇದು ಸಾಧ್ಯ.

ಇನ್ನು ನಾಲ್ಕನೆಯ ಊಹೆ: ತಡೆದುಕೊಳ್ಳುವ ಗುಣ ಹಳೆಯ ತಳಿಗಳ ಸೊತ್ತು, ಇಳುವರಿ ಬೇಕಾದವರು ಅದನ್ನು ಬಿಡಬೇಕು. ವಿದ್ಯಾವಂತರೂ ಇದನ್ನು ನಂಬುತ್ತಾರೆ. ಹಳೆಯದನ್ನು ಪೂಜಿಸುವವರೂ ಹೊಸದನ್ನು ಮಾರುವವರೂ ಇದೊಂದರಲ್ಲಿ ಒಮ್ಮತದಿಂದಿದ್ದಾರೆ. ಇಬ್ಬರೂ ತಪ್ಪು.

ಹಳೆಯ ಜವಾರಿ ಹತ್ತಿಗಳಲ್ಲಿ ಹಸಿರು ಜಿಗಿಹುಳುವನ್ನು ತಡೆಯುವ ಗುಣ ಗಟ್ಟಿಯಾಗಿತ್ತು, ನಿಜ. ಆ ಗುಣ ಹೊಸ ಹತ್ತಿಗೆ ಬರಲಾರದು ಎಂಬುದು ಸುಳ್ಳು. ದಕ್ಷಿಣ ಆಫ್ರಿಕದ ಬಾರ್ಬರ್ಟನ್ ಎಂಬಲ್ಲಿ 1920ರ ದಶಕದಲ್ಲಿ ಅಮೆರಿಕನ್ ಹತ್ತಿ ಜಿಗಿಹುಳುವಿನಿಂದ ನಾಶವಾಗುತ್ತಿತ್ತು. ಅಲ್ಲಿನವರು ಎಣ್ಣೆಗೆ ಮೊರೆ ಹೋಗಲಿಲ್ಲ. ಎಲೆಯ ಮೇಲೆ ದಟ್ಟ ರೋಮವಿದ್ದ ಗಿಡಗಳನ್ನು ಆರಿಸಿ ಬೆಳೆಸಿದರು. ಜಿಗಿಹುಳು ಎಲೆಯ ನರದೊಳಗೆ ಮೊಟ್ಟೆ ಇಡಬೇಕು, ರೋಮ ದಟ್ಟವೂ ಉದ್ದವೂ ಆಗಿದ್ದರೆ ಅದು ಸಾಧ್ಯವಾಗುವುದಿಲ್ಲ. ಹಾಗೆ ಬಂದ ಯು-4 ತಳಿ ಆಫ್ರಿಕದ ದೊಡ್ಡ ಪ್ರದೇಶದಲ್ಲಿ ಹತ್ತಿ ಬೇಸಾಯವನ್ನು ಉಳಿಸಿತು. ಕಳೆದ ಶತಮಾನದ ಆರಂಭದಿಂದಲೂ ಹತ್ತಿಯ ಮೇಲೆ ಕೆಲಸ ಮಾಡಿದ ಹಗರಿಯ ಸಂಶೋಧನಾ ಕೇಂದ್ರ ಬಳ್ಳಾರಿಯ ಪಕ್ಕದಲ್ಲೇ ಇರುವ ನಮಗೆ ಇಂಥ ಕೆಲಸ ಅಪರಿಚಿತವಲ್ಲ. ರೋಮ ಹೆಚ್ಚಾದರೆ ಬಿಳಿನೊಣಕ್ಕೂ ಕಾಯಿಕೊರಕದ ಮೊಟ್ಟೆಗೂ ಅನುಕೂಲವಾಗುತ್ತದೆ ಎಂಬುದೂ ಗೊತ್ತಿರುವ ಸಂಗತಿ. ಎಲ್ಲಕ್ಕೂ ಒಂದೇ ಗುಣ ಸಾಲದು, ಯಾವ ಸೀಮೆಗೆ ಯಾವ ಗುಣ ಎಂದು ತೂಗಿ ನೋಡುವುದೇ ತಳಿವಿಜ್ಞಾನ.

ಹಿಂಗಾರಿ ಜೋಳದ ಎಂ 35-1 ಇನ್ನೊಂದು ಸಾಕ್ಷಿ. ಮಾಲದಂಡಿ ಜವಾರಿಯಿಂದ ಆರಿಸಿದ ಈ ತಳಿ ಬಂದು ಎಂಟು ದಶಕಗಳಾದರೂ ಎರೆ ಹೊಲದಿಂದ ಸರಿದಿಲ್ಲ. ರೊಟ್ಟಿಯ ರುಚಿ, ಮೇವು, ಬರ ತಾಳುವ ಗುಣದ ಜೊತೆಗೆ ಸುಳಿ ನೊಣವನ್ನೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಭತ್ತದಲ್ಲಿ ಐಆರ್ 36 ಎಂಬ ತಳಿಯನ್ನು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗುರುದೇವ್ ಖುಷ್ ಅವರ ತಂಡ 1976ರಲ್ಲಿ ಹೊರತಂದಿತು. ಹಲವು ಕೀಟ, ರೋಗಗಳನ್ನು ಒಟ್ಟಿಗೆ ತಡೆಯುವ ಶಕ್ತಿ ಅದಕ್ಕಿತ್ತು, ಇಳುವರಿಯೂ ಇತ್ತು. 1980ರ ದಶಕದಲ್ಲಿ ಜಗತ್ತಿನ ಸುಮಾರು 1.1 ಕೋಟಿ ಹೆಕ್ಟೇರ್‌ನಲ್ಲಿ ಅದನ್ನು ಬೆಳೆದರು. ಅದಕ್ಕೂ ಮುನ್ನ 1973ರಲ್ಲಿ ಬಂದ ಐಆರ್ 26 ಒಂದೇ ವಂಶವಾಹಿಯ ಬಲದಿಂದ ಕಂದು ಜಿಗಿಹುಳುವನ್ನು ತಡೆಯಲು ಹೋಗಿ ಕೆಲವೇ ವರ್ಷಗಳಲ್ಲಿ ಸೋತಿತ್ತು. ತಳಿಯ ಶಕ್ತಿಯನ್ನು ಉಳಿಸಲು ಹಲವು ಗುಣಗಳ ಜೋಡಣೆ ಬೇಕು, ಗದ್ದೆಯಲ್ಲಿ ಜೇಡ, ಕಣಜಗಳೂ ಬೇಕು ಎಂಬುದು ಇವೆರಡನ್ನೂ ಜೊತೆಗಿಟ್ಟು ನೋಡಿದರೆ ತಿಳಿಯುತ್ತದೆ.

ಸಿರುಗುಪ್ಪದ ರೈತರು ಇಲ್ಲಿ ಕೇಳುವ ಪ್ರಶ್ನೆ ನ್ಯಾಯವಾದದ್ದು: ಮಾರುಕಟ್ಟೆಗೆ ಬೇಕಿರುವುದು ಸೋನಾ ಮಸೂರಿ, ಬೇರೆ ತಳಿ ಬೆಳೆದರೆ ಕೊಳ್ಳುವವರು ಯಾರು? ಆ ಹೆಸರಿನಲ್ಲಿ ಮಾರಾಟವಾಗುವ, ಬಾಪಟ್ಲದಲ್ಲಿ ರೂಪುಗೊಂಡ ಬಿಪಿಟಿ 5204 ಅನ್ನಕ್ಕೆ ಶ್ರೇಷ್ಠ, ಕೀಟ ರೋಗಗಳ ಮುಂದೆ ದುರ್ಬಲ. ಹಾಗೆಂದು ಅದನ್ನು ಹಾಗೇ ಬಿಡಬೇಕಿಲ್ಲ. ಹೈದರಾಬಾದಿನ ಎರಡು ಸರ್ಕಾರಿ ಸಂಶೋಧನಾ ಸಂಸ್ಥೆಗಳು ಸೇರಿ ಅದೇ ತಳಿಗೆ ದುಂಡಾಣು ಎಲೆ ಅಂಗಮಾರಿ ತಡೆಯುವ ಮೂರು ವಂಶವಾಹಿಗಳನ್ನು ಡಿಎನ್ಎ ಗುರುತುಗಳ ನೆರವಿನ ಸಂಕರಣದಿಂದಲೇ ಸೇರಿಸಿ, ಅಕ್ಕಿಯ ಗುಣ ಕೆಡದಂತೆ 2008ರಲ್ಲಿ ಬಿಡುಗಡೆ ಮಾಡಿದವು. ರೋಗಕ್ಕೆ ಸಾಧ್ಯವಾದದ್ದು ಕೀಟಕ್ಕೆ ಅಸಾಧ್ಯವಲ್ಲ. ಜಿಗಿಹುಳುವನ್ನು ತಡೆಯುವ ಹೆಸರಾಂತ ಮೂಲಗಳು ಕೇರಳದ ಪಟ್ಟಾಂಬಿಯ ತಳಿಗಳಲ್ಲೇ ಇವೆ. ಇಳುವರಿ ಬೇಕೋ ಶಕ್ತಿ ಬೇಕೋ ಎಂಬ ಪ್ರಶ್ನೆಯೇ ತಪ್ಪು ಪ್ರಶ್ನೆ.

ಪೈರಿನ ಶಕ್ತಿಯನ್ನು ನಾವೇ ಕಿತ್ತುಕೊಳ್ಳುವ ಇನ್ನೊಂದು ದಾರಿ ಯೂರಿಯಾ. ಕಾಲುವೆ ಸೀಮೆಯಲ್ಲಿ ಗದ್ದೆ ಕಡುಹಸಿರಾಗಿ ಕಾಣಬೇಕೆಂಬ ಹಂಬಲದಿಂದ ಚೀಲದ ಮೇಲೆ ಚೀಲ ಸುರಿಯುತ್ತಾರೆ. ಸಾರಜನಕ ಅತಿಯಾದ ಎಲೆ ಮೆತ್ತಗಾಗುತ್ತದೆ, ಅದರಲ್ಲಿ ಸಿಲಿಕಾದ ಪಾಲು ತಗ್ಗುತ್ತದೆ, ಹುಳುವಿಗೆ ಬೇಕಾದ ಪೋಷಕಾಂಶ ಹೆಚ್ಚುತ್ತದೆ. ಎಲೆ ಸುರುಳಿ ಹುಳುವೂ ಜಿಗಿಹುಳುವೂ ಅಂಥ ಪೈರಿನಲ್ಲಿ ಹೆಚ್ಚು ಮರಿ ಹಾಕುತ್ತವೆ. ಒಂದು ಚೀಲ ಹೆಚ್ಚಿಗೆ ಹಾಕಿದವರು ಮುಂದಿನ ತಿಂಗಳ ಎಣ್ಣೆಗೂ ಅವತ್ತೇ ಹಣ ಕಟ್ಟಿದಂತೆ.

ಈ ಎಣ್ಣೆಯ ಬೆಲೆಯನ್ನು ಮೈಯಿಂದ ತೆರುವವರು ಯಾರೆಂದು ಮರೆಯಬಾರದು. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಎಣ್ಣೆ ಹೊಡೆಯುವಾಗ ವಿಷವೇರಿ 20ಕ್ಕೂ ಹೆಚ್ಚು ರೈತರು, ಕೂಲಿಕಾರರು ಸತ್ತರು. ಕಾಸರಗೋಡಿನ ಗೇರು ತೋಟಗಳ ಮೇಲೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಪಡ್ರೆ, ಸ್ವರ್ಗದಂಥ ಹಳ್ಳಿಗಳ ಕನ್ನಡದ ಮಕ್ಕಳು ಅದರ ಫಲ ಉಂಡರು. ಪತ್ರಕರ್ತ ಶ್ರೀಪಡ್ರೆಯಂಥವರು ಬರೆದು, ಊರಿನ ಜನ ಹೋರಾಡಿ, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಾದ್ಯಂತ ತಡೆಯುವವರೆಗೆ ಎಷ್ಟೋ ಬದುಕುಗಳು ಕೆಟ್ಟಿದ್ದವು. ಬಳ್ಳಾರಿಯ ಬಿಸಿಲಿನಲ್ಲಿ ಬರಿಗಾಲಲ್ಲಿ, ಮೂಗಿಗೊಂದು ಟವೆಲ್ ಕಟ್ಟಿಕೊಂಡು ಪಂಪು ಹೊತ್ತು ನಡೆಯುವ ಕೂಲಿಯಾಳಿನ ಹೆಸರು ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ.

ಮಾಡಬೇಕಾದದ್ದೇನು? ರೈತ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ನಂಬಬೇಡಿ, ಪರೀಕ್ಷಿಸಿ. ಮುಂದಿನ ಹಂಗಾಮಿನಲ್ಲಿ ಗದ್ದೆಯ ಒಂದು ಮಡಿಗೆ ನಾಟಿಯಾದ ಮೊದಲ 30 ದಿನ ಎಣ್ಣೆ ಮುಟ್ಟಿಸದೆ ಬಿಡಿ, ಉಳಿದದ್ದಕ್ಕೆ ಎಂದಿನಂತೆ ಮಾಡಿ, ಕೊನೆಗೆ ಎರಡನ್ನೂ ತೂಗಿ ನೋಡಿ. ಹೊಡೆಯುವ ಮುನ್ನ ಗಿಡದ ಬುಡ ಬಿಡಿಸಿ ಹುಳು ಎಷ್ಟು, ಜೇಡ ಎಷ್ಟು ಎಂದು ಎಣಿಸಿ. ಹತ್ತಿ, ಮೆಣಸಿನಕಾಯಿ ಹೊಲದ ಅಂಚಿಗೆ ಔಡಲ, ಚೆಂಡು ಹೂ ಹಾಕಿ. ಔಡಲದ ಎಲೆಯಲ್ಲಿ ಗುಂಪಾಗಿ ಇಟ್ಟ ಮೊಟ್ಟೆಯನ್ನು ಎಲೆ ಸಮೇತ ಕಿತ್ತು ಹಾಕುವುದಕ್ಕೆ ಎಣ್ಣೆಯ ಖರ್ಚಿಲ್ಲ. ಮಿತಿ ದಾಟಿದಾಗ ಹೊಡೆಯಿರಿ, ಆಗಲೂ ಅಂಗಡಿಯ ಮಾತಿನ ಮೇಲೆ ಹೊಡೆಯಬೇಡಿ.

ರಾಯಚೂರು ಕೃಷಿ ವಿಶ್ವವಿದ್ಯಾಲಯಕ್ಕೆ, ಅದರ ಹಗರಿ, ಸಿರುಗುಪ್ಪ ಕೇಂದ್ರಗಳಿಗೆ, ಕೃಷಿ ಇಲಾಖೆಗೆ ಹೇಳಬೇಕಾದದ್ದು ಇನ್ನೂ ಇದೆ. ತಳಿ ಬಿಡುಗಡೆ ಮಾಡುವಾಗ ಎಕರೆಗೆ ಎಷ್ಟು ಕ್ವಿಂಟಲ್ ಎಂಬುದನ್ನು ದೊಡ್ಡ ಅಕ್ಷರದಲ್ಲಿ ಹೇಳುವಂತೆ, ಯಾವ ಕೀಟವನ್ನು ಎಷ್ಟರಮಟ್ಟಿಗೆ ತಡೆದುಕೊಳ್ಳುತ್ತದೆ ಎಂಬುದನ್ನೂ ಅಷ್ಟೇ ದೊಡ್ಡದಾಗಿ ಹೇಳಿ. ಖಾಸಗಿ ಹತ್ತಿ ಬೀಜದ ಪೊಟ್ಟಣದ ಮೇಲೂ ಅದು ಅಚ್ಚಾಗಲಿ. ಎಣ್ಣೆ ಹೊಡೆಯದ ಒಂದು ತಾಕನ್ನು ಪ್ರತಿ ಹೋಬಳಿಯಲ್ಲಿ ರೈತರ ಕಣ್ಣೆದುರೇ ಬೆಳೆಸಿ ತೋರಿಸಿ. ಮಾರುವವರೇ ಸಲಹೆ ಕೊಡುವ ಪದ್ಧತಿ ನಿಲ್ಲಬೇಕಾದರೆ, ಮಾರದವರು ಹೊಲಕ್ಕೆ ಬಂದು ಸಲಹೆ ಕೊಡಬೇಕು.

ಎಣ್ಣೆ ಬಂದದ್ದು ನಿನ್ನೆ ಮೊನ್ನೆ. ಹತ್ತಿ, ಜೋಳ, ಭತ್ತಗಳು ಅದಕ್ಕೂ ಸಾವಿರಾರು ವರ್ಷ ಮೊದಲಿನಿಂದ ಹುಳುಗಳ ನಡುವೆಯೇ ಬದುಕಿ ಕಾಳು ಕೊಟ್ಟಿವೆ. ಎಣ್ಣೆ ಹೊಡೆಯದೆ ಬೆಳೆ ಇಲ್ಲ ಎಂಬುದು ಬೇಸಾಯದ ಅನುಭವದಿಂದ ಬಂದ ಮಾತಲ್ಲ, ವ್ಯಾಪಾರದಿಂದ ಬಂದ ಮಾತು. ಅದನ್ನು ಇನ್ನು ಕೈಬಿಡಬೇಕು.